ಗೋಲು ಡಬಲ್ ಆಯ್ತು, ಆಮೇಲೆ? ಜರಗೋಜಾ ಕೈಯಲ್ಲಿ ಬಿಎಫ್‌ಸಿ ಅಟ್ಯಾಕ್

2024ರ ಏಪ್ರಿಲ್ 11, ಕಂಠೀರವ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್: ಕೋಲ್ಕತ್ತದ ಮೋಹನ್ ಬಾಗಾನ್ 4, ಬೆಂಗಳೂರು ಎಫ್‌ಸಿ (ಬಿಎಫ್‌ಸಿ) 0. ಅದೇ ವರ್ಷ ಸೆಪ್ಟೆಂಬರ್ 28, ಅದೇ ಕಂಠೀರವ: ಬೆಂಗಳೂರು 3, ಮೋಹನ್ ಬಾಗಾನ್ 0. ಎರಡೂ ದಿನ ನಮ್ಮ ಕೋಚ್ ಒಬ್ಬರೇ, ಸ್ಪೇನಿನ ಜೆರಾರ್ಡ್ ಜರಗೋಜಾ. ಮಧ್ಯೆ ಇದ್ದದ್ದು ಐದೂವರೆ ತಿಂಗಳು. ಅಷ್ಟರಲ್ಲಿ ಏನಾಯ್ತು? ಕೋಚ್ ಬುದ್ಧಿವಂತರಾದರಾ, ಆಟಗಾರರು ಬದಲಾದರಾ, ಇಲ್ಲಾ ಎದುರಾಳಿಯೇ ಅವತ್ತು ಮಲಗಿತ್ತಾ?

ಹೊಸ ಕೋಚ್ ಬಂದಾಗ ಅಟ್ಯಾಕ್ ಸುಧಾರಿಸಿದೆಯಾ ಅಂತ ಅಳೆಯುವುದಕ್ಕೆ ಜನ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಮೊದಲ ಐದಾರು ಪಂದ್ಯ ನೋಡಿ ತಲೆ ಮೇಲೆ ಹೊತ್ತು ಕುಣಿಯುವುದು ಒಂದು. ಸೀಸನ್ ಮುಗಿದ ಮೇಲೆ ಒಟ್ಟು ಗೋಲು ಎಣಿಸುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯ ಇದೆ. ನನಗೆ ಜಾಸ್ತಿ ನಂಬಿಕೆ ಇರುವುದು ಮೂರನೆಯ ದಾರಿಯಲ್ಲಿ: ಒಂದೇ ಎದುರಾಳಿ ವಿರುದ್ಧ ಬೇರೆ ಬೇರೆ ಹೊತ್ತಲ್ಲಿ ಹೇಗೆ ಆಡಿದರು ಅಂತ ಪಕ್ಕಪಕ್ಕ ಇಟ್ಟು ನೋಡುವುದು. ಬಿಎಫ್‌ಸಿ ವಿಷಯದಲ್ಲಿ ಆ ಅವಕಾಶ ತಾನಾಗೇ ಸಿಕ್ಕಿತು. ಏಪ್ರಿಲ್ 11, 2024ರಿಂದ ಏಪ್ರಿಲ್ 12, 2025ರವರೆಗೆ ಮೋಹನ್ ಬಾಗಾನ್ ಜೊತೆ ಐದು ಪಂದ್ಯ. ಅದೂ ಆಗ ದೇಶದ ಅತ್ಯಂತ ಗಟ್ಟಿ ಡಿಫೆನ್ಸ್ ಇದ್ದ ತಂಡ. ಅವರ ಮುಂದೆ ಗೋಲು ಹೊಡೆದರೆ ಅದಕ್ಕೊಂದು ತೂಕ ಇರುತ್ತದೆ, ಅಲ್ವಾ?

ಜರಗೋಜಾಗೆ ಸಿಕ್ಕಿದ ತಂಡ

2022-23ರಲ್ಲಿ ಕೋಚ್ ಸೈಮನ್ ಗ್ರೇಸನ್ ಕೈಕೆಳಗೆ ಬಿಎಫ್‌ಸಿ ಐಎಸ್‌ಎಲ್ ಫೈನಲ್‌ವರೆಗೆ ಹೋಗಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತ್ತು. ಮುಂದಿನ ಸೀಸನ್‌ನಲ್ಲಿ ಎಲ್ಲ ಉಲ್ಟಾ. 2023ರ ಡಿಸೆಂಬರ್ 8ರಂದು ಕಂಠೀರವದಲ್ಲೇ ಮುಂಬೈ ಸಿಟಿ 4-0ಯಿಂದ ಬಡಿಯಿತು. ಅದಾದ ಕೂಡಲೇ ಗ್ರೇಸನ್ ಹೊರಗೆ. ಅದೇ ತಿಂಗಳು ಜರಗೋಜಾ ಬಂದರು. ಅವರೇನು ಹೊಸಬರಲ್ಲ. ಕಾರ್ಲೆಸ್ ಕ್ವಾದ್ರಾತ್ ಕೋಚ್ ಆಗಿದ್ದಾಗ, 2018-19ರಲ್ಲಿ ಬಿಎಫ್‌ಸಿ ಐಎಸ್‌ಎಲ್ ಗೆದ್ದ ತಂಡದ ಜೊತೆ ಸಹಾಯಕರಾಗಿದ್ದವರು. ಈ ಕ್ಲಬ್ಬಿನ ಒಳಹೊರಗು ಗೊತ್ತಿದ್ದವರು.

ಆದರೂ ಪವಾಡ ಏನೂ ಆಗಲಿಲ್ಲ. 12 ತಂಡಗಳಲ್ಲಿ ಹತ್ತನೇ ಸ್ಥಾನ. 22 ಪಂದ್ಯ, 20 ಗೋಲು. ಪಂದ್ಯಕ್ಕೆ ಒಂದು ಗೋಲೂ ಬರಲಿಲ್ಲ. ಬಿಟ್ಟುಕೊಟ್ಟಿದ್ದು 34. ಸುನಿಲ್ ಚೆಟ್ರಿ ಇಡೀ ಸೀಸನ್‌ನಲ್ಲಿ ಹೊಡೆದಿದ್ದು 5. ಸೀಸನ್ ಅರ್ಧಕ್ಕಿಂತ ಜಾಸ್ತಿ ಜರಗೋಜಾ ಕೈಯಲ್ಲೇ ಇತ್ತು, ಅದರ ಕೊನೆಗೆ ಮೋಹನ್ ಬಾಗಾನ್ ಎದುರು ಆ 0-4.

ಕೋಚ್ ಒಬ್ಬರಿಂದಲೇ ಅಟ್ಯಾಕ್ ಬದಲಾಗುವುದಾದರೆ ಈ ಅರ್ಧ ಸೀಸನ್‌ನಲ್ಲೇ ಏನಾದರೂ ಸುಳಿವು ಕಾಣಬೇಕಿತ್ತು. ಕಾಣಲಿಲ್ಲ. ಬೇರೊಬ್ಬರು ಕಟ್ಟಿದ ತಂಡ ಇಟ್ಟುಕೊಂಡು ಸೀಸನ್ ಮಧ್ಯದಲ್ಲಿ ಬಂದವರನ್ನು ಅಳೆಯುವುದು ನ್ಯಾಯ ಅಲ್ಲ ಅನ್ನಬಹುದು. ಒಪ್ಪುತ್ತೇನೆ. ಆದರೆ ಮುಂದಿನ ಸೀಸನ್‌ನಲ್ಲಿ ಗೋಲುಗಳ ಮಳೆ ಬಂದಾಗ ಪೂರ್ತಿ ಹಾರ ಕೋಚ್ ಕೊರಳಿಗೇ ಹಾಕಿದವರು ಈ ಅರ್ಧ ಸೀಸನ್ ಮರೆತಿದ್ದರು.

ಹೊಸ ಕಾಲುಗಳು

2024ರ ಬೇಸಿಗೆಯಲ್ಲಿ ಬಂದವರನ್ನು ನೋಡಿ. ಆಲ್ಬರ್ಟೊ ನೊಗೆರಾ, ಹೊರ್ಹೆ ಪೆರೇರಾ ಡಿಯಾಜ್, ರಾಹುಲ್ ಭೇಕೆ. ಮೂವರೂ ಮುಂಬೈ ಸಿಟಿಯಿಂದ. ಆ ತಂಡ ಅದೇ ಮೇ ತಿಂಗಳಲ್ಲಿ ಕೋಲ್ಕತ್ತಕ್ಕೆ ಹೋಗಿ ಮೋಹನ್ ಬಾಗಾನ್ ಅನ್ನು 3-1ರಿಂದ ಸೋಲಿಸಿ ಐಎಸ್‌ಎಲ್ ಕಪ್ ಎತ್ತಿತ್ತು. ಭೇಕೆ ನಮಗೆ ಹಳಬ, 2019ರ ಫೈನಲ್‌ನಲ್ಲಿ ಗೋವಾ ಎದುರು ಹೆಚ್ಚುವರಿ ಅವಧಿಯಲ್ಲಿ ಹೆಡರ್ ಹೊಡೆದು ಕಪ್ ತಂದವರು. ಇವರ ಜೊತೆ ಎಡ್ಗರ್ ಮೆಂಡೆಜ್. 2017ರಲ್ಲಿ ಸೆಲ್ಟಾ ವಿರುದ್ಧ ಗೋಲು ಹೊಡೆದು ಅಲವೇಸ್ ತಂಡವನ್ನು ಸ್ಪೇನಿನ ಕೋಪಾ ಡೆಲ್ ರೇ ಕಪ್ ಫೈನಲ್‌ಗೆ ಕೊಂಡೊಯ್ದ ಅದೇ ಎಡ್ಗರ್. ಮಿಡ್‌ಫೀಲ್ಡ್‌ನಲ್ಲಿ ಪೆಡ್ರೊ ಕಾಪೊ.

ಹೊಸ ತಂಡ ಕಟ್ಟಿದಾಗ ಅಟ್ಯಾಕ್ ಕುದುರುವುದಕ್ಕೆ ಟೈಮ್ ಬೇಕು. ಯಾರು ಎಲ್ಲಿ ಓಡುತ್ತಾರೆ, ಯಾರಿಗೆ ಕಾಲಿಗೆ ಪಾಸ್ ಬೇಕು, ಯಾರಿಗೆ ಮುಂದಿನ ಜಾಗಕ್ಕೆ ಬೇಕು, ಇದೆಲ್ಲ ಒಂದೆರಡು ತಿಂಗಳ ಕೆಲಸ. ನೊಗೆರಾ-ಡಿಯಾಜ್ ಜೋಡಿಗೆ ಆ ಪಾಠ ಮುಂಬೈಯಲ್ಲೇ ಮುಗಿದಿತ್ತು. ಬಿಎಫ್‌ಸಿ ಇಬ್ಬರು ಆಟಗಾರರ ಜೊತೆ ಅವರ ಹೊಂದಾಣಿಕೆಯನ್ನೂ ಸೇರಿಸಿ ಕೊಂಡು ತಂದಿತ್ತು. ಸೀಸನ್ ಆರಂಭದ ಜೋಶ್‌ಗೆ ಇದೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ಅದರ ಕ್ರೆಡಿಟ್ ಕೋಚ್‌ಗಿಂತ ಆಟಗಾರರನ್ನು ಆರಿಸಿ ತಂದವರಿಗೆ ಜಾಸ್ತಿ ಹೋಗಬೇಕು.

ಹಾಗಾದರೆ ಕೋಚ್ ಮಾಡಿದ್ದೇನು? ಒಂದು ದೊಡ್ಡ ಕೆಲಸ ಮಾಡಿದರು. ಚೆಟ್ರಿಯ ಹೆಗಲ ಮೇಲಿನ ಭಾರ ಇಳಿಸಿದರು.

ಅಲ್ಲಿಯವರೆಗೆ ಎಷ್ಟೋ ವರ್ಷ ಬಿಎಫ್‌ಸಿ ಅಟ್ಯಾಕ್ ಅಂದರೆ ಚೆಟ್ರಿ ಕೆಳಗೆ ಬಂದು ಚೆಂಡು ತಗೋಬೇಕು, ಎಡಗಡೆ ಎಳೆಯಬೇಕು, ಮತ್ತೆ ತಾವೇ ಓಡಿ ಬಾಕ್ಸ್ ಸೇರಬೇಕು. 2024ರ ಜೂನ್ 6ರಂದು ಕುವೈತ್ ಪಂದ್ಯದೊಂದಿಗೆ ಅವರು ಭಾರತ ತಂಡಕ್ಕೆ ವಿದಾಯ ಹೇಳಿದ್ದರು, ಆಗಸ್ಟ್‌ನಲ್ಲಿ 40 ತುಂಬಿತು. ಆ ವಯಸ್ಸಿನವರಿಂದ ಇಷ್ಟೆಲ್ಲ ಮಾಡಿಸುವುದು ಅನ್ಯಾಯ. ಈಗ ಚೆಂಡು ಒಯ್ಯುವುದಕ್ಕೆ ಒಂದು ಕಡೆ ಎಡ್ಗರ್, ಇನ್ನೊಂದು ಕಡೆ ರಯಾನ್ ವಿಲಿಯಮ್ಸ್. ಮಧ್ಯದಲ್ಲಿ ನೊಗೆರಾ. ಡಿಫೆಂಡರ್‌ಗಳ ಮೈಮೇಲೆ ಬಿದ್ದು ಜಗಳ ಆಡುವುದಕ್ಕೆ ಡಿಯಾಜ್. ಚೆಟ್ರಿಗೆ ಉಳಿದಿದ್ದು ಒಂದೇ ಕೆಲಸ, ಸರಿಯಾದ ಹೊತ್ತಿಗೆ ಬಾಕ್ಸ್‌ನಲ್ಲಿರುವುದು. ಎಷ್ಟೋ ಪಂದ್ಯದಲ್ಲಿ ಅವರು ಬೆಂಚ್‌ನಿಂದಲೇ ಬಂದರು. ಸೆಪ್ಟೆಂಬರ್ 19ರ ಹೈದರಾಬಾದ್ ಪಂದ್ಯದಲ್ಲಿ ಹಾಗೆ ಬಂದು ಕೊನೆಗಳಿಗೆಯಲ್ಲಿ ಎರಡು ಗೋಲು ಹೊಡೆದರು. ನಾಯಕನನ್ನು, ಅದೂ ಚೆಟ್ರಿಯಂಥವರನ್ನು, ಕಂಠೀರವದ ಪ್ರೇಕ್ಷಕರ ಮುಂದೆ ಬೆಂಚ್‌ನಲ್ಲಿ ಕೂರಿಸುವುದು ಸುಮ್ನೆ ಮಾತಲ್ಲ. 5 ಗೋಲು ಹೊಡೆದಿದ್ದವರು ಈ ಸೀಸನ್‌ನಲ್ಲಿ ಒಟ್ಟು 14 ಹೊಡೆದರು. ಭಾರತೀಯರಲ್ಲಿ ಬೇರೆ ಯಾರೂ ಅಷ್ಟು ಹೊಡೆಯಲಿಲ್ಲ.

ಆ ಆರು ಪಂದ್ಯ

ಮೊದಲ ಆರು ಪಂದ್ಯದಲ್ಲಿ 11 ಗೋಲು, ಬಿಟ್ಟಿದ್ದು ಒಂದೇ. ಈಸ್ಟ್ ಬೆಂಗಾಲ್ 1-0, ಹೈದರಾಬಾದ್ 3-0, ಮೋಹನ್ ಬಾಗಾನ್ 3-0, ಮುಂಬೈ 0-0, ಪಂಜಾಬ್ 1-0, ಕೊಚ್ಚಿಗೆ ಹೋಗಿ ಕೇರಳ ಬ್ಲಾಸ್ಟರ್ಸ್ ವಿರುದ್ಧ 3-1.

ಸಂಖ್ಯೆಗಿಂತ ಹೆಸರುಗಳನ್ನು ನೋಡಿ. ಚೆಟ್ರಿ 3, ಎಡ್ಗರ್ 3, ಉಳಿದ ಐದು ಗೋಲು ಐದು ಜನರದ್ದು: ಅಕಾಡೆಮಿಯಿಂದ ಬಂದ 19ರ ಹುಡುಗ ವಿನೀತ್ ವೆಂಕಟೇಶ್, ಸ್ಟಾಪರ್ (ಮಧ್ಯದ ಡಿಫೆಂಡರ್) ಭೇಕೆ, ಮಿಡ್‌ಫೀಲ್ಡ್‌ನ ಸುರೇಶ್ ವಾಂಗ್ಜಮ್, ಲೆಫ್ಟ್ ಬ್ಯಾಕ್ ರೋಶನ್ ಸಿಂಗ್, ಮತ್ತೆ ಡಿಯಾಜ್. ಏಳು ಬೇರೆ ಬೇರೆ ಜನ. ಒಂದು ತಂಡದ ಅಟ್ಯಾಕ್ ನಿಜವಾಗಿ ಆರೋಗ್ಯವಾಗಿದೆಯಾ ಅಂತ ತಿಳಿಯಲು ನಾನು ಮೊದಲು ನೋಡುವುದು ಇದನ್ನೇ. ಒಬ್ಬನೇ ಹನ್ನೊಂದು ಹೊಡೆದರೆ ಎದುರಾಳಿ ಕೋಚ್‌ಗೆ ಕೆಲಸ ಸುಲಭ, ಅವನ ಬೆನ್ನಿಗೆ ಒಬ್ಬನನ್ನು ಅಂಟಿಸಿದರೆ ಆಯ್ತು. ಏಳು ಜನ ಹೊಡೆದರೆ ಯಾರ ಬೆನ್ನಿಗೆ ಅಂಟಿಸ್ತೀರಿ?

ಮೋಹನ್ ಬಾಗಾನ್ ಎದುರಿನ ಆ 3-0 ನೋಡಿ. 9ನೇ ನಿಮಿಷ ಎಡ್ಗರ್, 20ನೇ ನಿಮಿಷ ಸುರೇಶ್, 51ನೇ ನಿಮಿಷ ಚೆಟ್ರಿಯ ಪೆನಾಲ್ಟಿ. ಆ ಪೆನಾಲ್ಟಿ ಚೆಟ್ರಿಗೆ ಐಎಸ್‌ಎಲ್‌ನಲ್ಲಿ 64ನೇ ಗೋಲು, ಅಲ್ಲಿಗೆ ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿಯಲ್ಲಿ ಅವರು ಒಂಟಿಯಾಗಿ ಮೇಲೆ. ಮೋಹನ್ ಬಾಗಾನ್ ಆ ಲೀಗ್‌ನ 24 ಪಂದ್ಯದಲ್ಲಿ ಸೋತಿದ್ದು ಎರಡೇ, ಒಟ್ಟು ಬಿಟ್ಟುಕೊಟ್ಟಿದ್ದು 16 ಗೋಲು. ಆ 16ರಲ್ಲಿ 3 ಈ ಒಂದೇ ಸಂಜೆಯದ್ದು.

ಇಲ್ಲೊಂದು ಮಾತು ಸೇರಿಸಲೇಬೇಕು. ಮೋಹನ್ ಬಾಗಾನ್‌ಗೂ ಅದು ಹೊಸ ಕೋಚ್ ಹೊಸೆ ಮೊಲಿನಾ ಜೊತೆಗಿನ ಮೊದಲ ದಿನಗಳು. ಅವರ ಡಿಫೆನ್ಸ್ ಇನ್ನೂ ಸರಿಯಾಗಿ ಕೂಡಿರಲಿಲ್ಲ. ಆ ಗೆಲುವು ಕೊಟ್ಟ ಖುಷಿಯಲ್ಲಿ ಇದನ್ನು ಯಾರೂ ಕೇಳುವ ಮೂಡ್‌ನಲ್ಲಿರಲಿಲ್ಲ ಬಿಡಿ.

ಮುನ್ನಡೆ ಸಿಕ್ಕಿದ ಮೇಲೆ ಏನಾಗುತ್ತಿತ್ತು

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇಲ್ಲಿದೆ. ಮೋಹನ್ ಬಾಗಾನ್ ಜೊತೆಗಿನ ಐದರಲ್ಲಿ ಎರಡನೆಯ ಪಂದ್ಯಕ್ಕೆ ಹಿಂದೆ ಹೋಗೋಣ. 2024ರ ಆಗಸ್ಟ್ 27, ಕೋಲ್ಕತ್ತ, ಡುರಾಂಡ್ ಕಪ್ ಸೆಮಿಫೈನಲ್. ಚೆಟ್ರಿ ಪೆನಾಲ್ಟಿ, ಆಮೇಲೆ ವಿನೀತ್. 50ನೇ ನಿಮಿಷಕ್ಕೆ 2-0. ಪಂದ್ಯ ಕೈಯಲ್ಲಿತ್ತು. ಅಲ್ಲಿಂದ ಮೋಹನ್ ಬಾಗಾನ್ ಎರಡು ಗೋಲು ತೀರಿಸಿತು, ಶೂಟೌಟ್‌ನಲ್ಲಿ ಬಿಎಫ್‌ಸಿ ಸೋತಿತು.

ಆಗ ಎಲ್ಲರೂ ಸೀಸನ್‌ಗೆ ಮೊದಲಿನ ಟೂರ್ನಿ, ಹೋಗಲಿ ಬಿಡಿ ಅಂದರು. ಆದರೆ ಅದೇ ಕಥೆ ಮತ್ತೆ ಬಂತು.

ಡಿಸೆಂಬರ್ 7, ಕಂಠೀರವ, ಕೇರಳ ಬ್ಲಾಸ್ಟರ್ಸ್. 8ನೇ ನಿಮಿಷ ವಿಲಿಯಮ್ಸ್ ಕ್ರಾಸ್‌ಗೆ ಚೆಟ್ರಿ ಹೆಡರ್, 38ನೇ ನಿಮಿಷ ವಿಲಿಯಮ್ಸ್ ಗೋಲು, ವಿರಾಮಕ್ಕೆ 2-0. ಬ್ರೇಕ್ ಆಗಿ ಬಂದು ಇಪ್ಪತ್ತೆರಡೇ ನಿಮಿಷಕ್ಕೆ 2-2. ಕಾಪಾಡಿದ್ದು ಯಾರು? 73ನೇ ನಿಮಿಷ ಚೆಟ್ರಿ, ಇಂಜುರಿ ಅವಧಿಯ ಎಂಟನೇ ನಿಮಿಷ ಮತ್ತೆ ಚೆಟ್ರಿ. ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಅತಿ ಹಿರಿಯ ಆಟಗಾರ ಅಂತ ಹೆಡ್‌ಲೈನ್ ಬಂತು. 2-0 ಕೈಬಿಟ್ಟಿದ್ದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

2025ರ ಜನವರಿ 22, ಅದೇ ಅಂಗಳ, ಒಡಿಶಾ. ಮತ್ತೆ 2-0. ಈ ಸಲ ಕಾಪಾಡುವವರು ಇರಲಿಲ್ಲ. 2-3.

ಏಪ್ರಿಲ್ 6, ಗೋವಾ, ಐಎಸ್‌ಎಲ್ ಸೆಮಿಫೈನಲ್‌ನ ಎರಡನೇ ಲೆಗ್ (ಎರಡು ಪಂದ್ಯದ ಗೋಲು ಕೂಡಿಸಿ ಗೆದ್ದವರು ಯಾರು ಅಂತ ನೋಡುವುದು). ಬೆಂಗಳೂರಿನಲ್ಲಿ 2-0 ಗೆದ್ದು ಹೋಗಿದ್ದರು. 49ನೇ ನಿಮಿಷ ಗೋವಾದ ಬೊರ್ಹಾ ಹೆರೆರಾ, 88ನೇ ನಿಮಿಷ ಸಾದಿಕು. ಒಟ್ಟು 2-2. ಹೆಚ್ಚುವರಿ ಅವಧಿಗೆ ಹೋಗುತ್ತೆ ಅಂತ ಎಲ್ಲರೂ ಉಸಿರು ಬಿಗಿ ಹಿಡಿದು ಕೂತಾಗ, ಬದಲಿಯಾಗಿ ಇಳಿದಿದ್ದ ಚೆಟ್ರಿ ನಾಮ್ಗ್ಯಾಲ್ ಭುಟಿಯಾ ಕೊಟ್ಟ ಕ್ರಾಸ್‌ಗೆ ತಲೆ ಕೊಟ್ಟರು. 90+2. ಫೈನಲ್.

ಇಷ್ಟಾದ ಮೇಲೆ ಇದನ್ನು ದುರದೃಷ್ಟ ಅನ್ನಲು ಆಗುವುದಿಲ್ಲ. ಜನ ಇದನ್ನು ಡಿಫೆನ್ಸ್ ಸಮಸ್ಯೆ ಅಂದರು. ನಾನು ಇದನ್ನು ಅಟ್ಯಾಕ್ ಲೆಕ್ಕಕ್ಕೇ ಬರೆಯುತ್ತೇನೆ. ಮುನ್ನಡೆ ಸಿಕ್ಕ ತಂಡ ಎರಡರಲ್ಲಿ ಒಂದು ಮಾಡಬೇಕು: ಚೆಂಡನ್ನು ಎದುರಾಳಿಯ ಅರ್ಧದಲ್ಲೇ ಇಟ್ಟುಕೊಂಡು ಟೈಮ್ ತಿನ್ನಬೇಕು, ಇಲ್ಲಾ ಅವರು ಮೇಲೆ ಬಂದಾಗ ಹಿಂದೆ ಬಿಟ್ಟ ಜಾಗದಲ್ಲಿ ಮೂರನೆಯದು ಹೊಡೆದು ಬಾಗಿಲು ಹಾಕಬೇಕು. ಜರಗೋಜಾ ತಂಡ ಇವೆರಡರ ಮಧ್ಯೆ ಸಿಕ್ಕಿಕೊಳ್ಳುತ್ತಿತ್ತು. ಹಿಂದೆ ಸರಿಯುತ್ತಿತ್ತು, ಚೆಂಡು ಸಿಕ್ಕಿದಾಗ ಉದ್ದಕ್ಕೆ ಒದೆಯುತ್ತಿತ್ತು, ಮುಂದೆ ಡಿಯಾಜ್ ಒಬ್ಬರೇ ಇಬ್ಬರು ಸ್ಟಾಪರ್‌ಗಳ ಜೊತೆ ಗುದ್ದಾಡಬೇಕಿತ್ತು, ಚೆಂಡು ಮೂರು ಸೆಕೆಂಡಿಗೆ ವಾಪಸ್. ನೊಗೆರಾ ಥರದವರ ಕಾಲಿಗೆ ಆ ಹೊತ್ತಲ್ಲಿ ಚೆಂಡು ಮುಟ್ಟಬೇಕು. ಮುಟ್ಟುತ್ತಿದ್ದದ್ದು ಕಡಿಮೆ. ಅಟ್ಯಾಕ್ ಅಂದರೆ ಗೋಲು ಹೊಡೆಯುವುದಷ್ಟೇ ಅಂದುಕೊಂಡರೆ ಈ ತಂಡಕ್ಕೆ ಒಳ್ಳೇ ಮಾರ್ಕ್ಸ್ ಕೊಡಬಹುದು. ಎದುರಾಳಿಯನ್ನು ಅವರ ಬಾಕ್ಸ್ ಹತ್ತಿರವೇ ಕೂರಿಸುವುದೂ ಅಟ್ಯಾಕ್‌ನ ಕೆಲಸ ಅಂದರೆ ಮಾರ್ಕ್ಸ್ ಇಳಿಯುತ್ತದೆ.

ಇನ್ನೂ ಒಂದು ಇರಿಸುಮುರಿಸಿನ ವಿಷಯ. ಕೈಬಿಟ್ಟ ಪಂದ್ಯಗಳನ್ನು ಎರಡು ಸಲ ವಾಪಸ್ ತಂದುಕೊಟ್ಟಿದ್ದು 40ರ ಚೆಟ್ರಿ. ಕೋಚ್ ಅವರ ಭಾರ ಇಳಿಸಿದರು ಅಂತ ಮೇಲೆ ಹೊಗಳಿದೆ. ನಿಜ. ಆದರೆ ತಂಡ ಇಕ್ಕಟ್ಟಿಗೆ ಸಿಕ್ಕಾಗ ಮತ್ತೆ ಅದೇ ಹೆಗಲು ಹುಡುಕಿತು. ಲೀಗ್ ಹಂತದ 40 ಗೋಲಿನಲ್ಲಿ 12 ಅವರದ್ದು.

ಜನವರಿ

ಜನವರಿ 4ರಿಂದ ಫೆಬ್ರವರಿ 1ರವರೆಗೆ ಆರು ಪಂದ್ಯ, ಸಿಕ್ಕಿದ್ದು ಒಂದೇ ಅಂಕ. ಜೆಮ್‌ಷೆಡ್‌ಪುರ 1-2, ಕೊನೆಯ ಸಾಲಿನಲ್ಲಿದ್ದ ಮೊಹಮ್ಮಡನ್ ಎದುರು ತವರಿನಲ್ಲೇ 0-1, ಹೈದರಾಬಾದ್ 1-1, ಮೇಲೆ ಹೇಳಿದ ಒಡಿಶಾ, ಮೋಹನ್ ಬಾಗಾನ್ 0-1, ಪಂಜಾಬ್ 2-3. ಆರು ಗೋಲು ಹೊಡೆದು ಹನ್ನೊಂದು ಬಿಟ್ಟರು.

ಮೊಹಮ್ಮಡನ್ ಪಂದ್ಯ ನನಗೆ ಜಾಸ್ತಿ ಕಾಡಿದ್ದು. ಕೆಳಗಿಳಿದು ಹಿಂದೆ ಕೂತ ತಂಡ, ಒಂದು ಫ್ರೀಕಿಕ್, ಮುಗೀತು. ಮೈದಾನದಲ್ಲಿ ಜಾಗ ಇದ್ದಾಗ ಓಡಿ ಹೊಡೆಯುವ ಈ ತಂಡ, ಹಿಂದೆ ಗುಂಪು ಕಟ್ಟಿ ನಿಂತವರನ್ನು ಬಿಡಿಸಲು ಒದ್ದಾಡಿತು. ಕ್ರಾಸ್ ಹಾಕುವುದು, ಹೆಡ್ ಆಗಿ ವಾಪಸ್ ಬರುವುದು, ಮತ್ತೆ ಕ್ರಾಸ್. ಬಾಕ್ಸ್ ಹೊರಗಿನಿಂದ ಬಲವಾಗಿ ಹೊಡೆಯುವ ಒಬ್ಬ, ಮಧ್ಯದಿಂದ ಓಡಿ ಒಳಗೆ ನುಗ್ಗುವ ಒಬ್ಬ ಬೇಕಿತ್ತು. ಸುರೇಶ್ ಅದನ್ನು ಆಗಾಗ ಮಾಡುತ್ತಿದ್ದರು, ಆದರೆ ದಿನಾ ಅಲ್ಲ.

ಜನವರಿ 27ರ ಮೋಹನ್ ಬಾಗಾನ್ ಪಂದ್ಯ ನಾಲ್ಕನೆಯ ನೋಟ. 74ನೇ ನಿಮಿಷದಲ್ಲಿ ಲಿಸ್ಟನ್ ಕೊಲಾಸೊ ಹೊಡೆದ ಒಂದು ಗೋಲು, ಅಷ್ಟೇ. ಸೆಪ್ಟೆಂಬರ್‌ನಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಡಿಫೆನ್ಸ್ ಅಷ್ಟೊತ್ತಿಗೆ ಗೋಡೆ ಆಗಿತ್ತು. ಮೊಲಿನಾ ತಮ್ಮ ತಂಡವನ್ನು ನಾಲ್ಕು ತಿಂಗಳಲ್ಲಿ ಎಲ್ಲಿಂದ ಎಲ್ಲಿಗೆ ತಂದರು, ಜರಗೋಜಾ ಎಲ್ಲಿಂದ ಎಲ್ಲಿಗೆ ತಂದರು ಅಂತ ಹೋಲಿಸಿದರೆ ಉತ್ತರ ನಮಗೆ ಹಿತವಾಗಿರುವುದಿಲ್ಲ.

ಹದಿನೆಂಟು ದಿನದ ಅಂತರ

ಇಷ್ಟು ಬೈದ ಮೇಲೆ ನನ್ನ ವಾದಕ್ಕೆ ಎದುರು ನಿಲ್ಲುವ ಪಂದ್ಯವನ್ನೂ ಹೇಳಬೇಕು. ಮಾರ್ಚ್ 11, ಕಂಠೀರವ, ಮುಂಬೈ ಸಿಟಿ ಎದುರು 0-2 ಸೋಲು. ಮಾರ್ಚ್ 29, ಅದೇ ಅಂಗಳ, ಅದೇ ಮುಂಬೈ, ಪ್ಲೇಆಫ್. 5-0. ಸುರೇಶ್, ಎಡ್ಗರ್ ಪೆನಾಲ್ಟಿ, ವಿಲಿಯಮ್ಸ್, ಚೆಟ್ರಿ, ಡಿಯಾಜ್. ಐದು ಗೋಲು, ಐದು ಜನ. ವಿರಾಮಕ್ಕೆ 2-0 ಇತ್ತು, ಈ ಸಲ ಹಿಂದೆ ಸರಿಯಲಿಲ್ಲ. 62, 76, 83ನೇ ನಿಮಿಷಗಳಲ್ಲಿ ಇನ್ನೂ ಮೂರು.

ಸೋತರೆ ಮನೆಗೆ ಹೋಗಬೇಕಾದ ಪಂದ್ಯ, ಹಾಗಾಗಿ ಮುಂಬೈ ಎಲ್ಲರನ್ನೂ ಮೇಲೆ ಕಳಿಸಬೇಕಿತ್ತು. ಹಿಂದೆ ಬಯಲು ಬಿತ್ತು, ಎಡ್ಗರ್-ವಿಲಿಯಮ್ಸ್‌ಗೆ ಬೇಕಿದ್ದದ್ದೇ ಅದು. ಅಂದರೆ ಮೂರನೆಯದು ಹೊಡೆಯುವ ತಾಕತ್ತು ತಂಡಕ್ಕೆ ಇತ್ತು. ಆ ರಾತ್ರಿ ಆಡಿದ ಹಾಗೆ ಒಡಿಶಾ ಎದುರು ಯಾಕೆ ಆಡಲಿಲ್ಲ ಅನ್ನುವುದಕ್ಕೆ ನನಗೆ ಕಾಣುವ ಉತ್ತರ ಒಂದೇ, ಬೆಂಚ್‌ನಿಂದ ಬರುತ್ತಿದ್ದ ಸೂಚನೆ. ನಾಕೌಟ್‌ನಲ್ಲಿ ಬಿಟ್ಟು ಆಡಿದರು, ಲೀಗ್‌ನಲ್ಲಿ ಕೂಡಿಟ್ಟು ಆಡಿದರು.

ಐದನೆಯದು

ಏಪ್ರಿಲ್ 12, ಕೋಲ್ಕತ್ತದ ಸಾಲ್ಟ್ ಲೇಕ್, ಐಎಸ್‌ಎಲ್ ಫೈನಲ್. ಎದುರಿಗೆ 56 ಅಂಕ ಮಾಡಿ, ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಕೊಡುವ ಶೀಲ್ಡ್ ಗೆದ್ದಿದ್ದ ಮೋಹನ್ ಬಾಗಾನ್. 49ನೇ ನಿಮಿಷದಲ್ಲಿ ಬಿಎಫ್‌ಸಿ ಮುಂದೆ. ವಿಲಿಯಮ್ಸ್ ಕ್ರಾಸ್, ಕಾಲು ಹಾಕಿದ್ದು ಮೋಹನ್ ಬಾಗಾನ್‌ನದೇ ಡಿಫೆಂಡರ್ ಆಲ್ಬರ್ಟೊ ರೊಡ್ರಿಗೆಜ್. ಉಡುಗೊರೆ ಗೋಲು. 72ನೇ ನಿಮಿಷ ಹ್ಯಾಂಡ್‌ಬಾಲ್‌ಗೆ ಪೆನಾಲ್ಟಿ, ಜೇಸನ್ ಕಮಿಂಗ್ಸ್. 96ನೇ ನಿಮಿಷ ಜೇಮೀ ಮೆಕ್ಲಾರೆನ್. 1-2.

ಸೆಪ್ಟೆಂಬರ್‌ನ ಆ 3-0 ಬಿಟ್ಟರೆ, ಲೀಗ್‌ನ 90 ನಿಮಿಷ, ಫೈನಲ್‌ನ 120 ನಿಮಿಷ, ಒಟ್ಟು 210 ನಿಮಿಷ ಮೋಹನ್ ಬಾಗಾನ್ ಎದುರು ಬಿಎಫ್‌ಸಿ ಆಟಗಾರ ಒಬ್ಬನೂ ಗೋಲು ಹೊಡೆಯಲಿಲ್ಲ. ಫೈನಲ್‌ನಲ್ಲೂ ಮುನ್ನಡೆ ಸಿಕ್ಕಿತು, ಫೈನಲ್‌ನಲ್ಲೂ ಹೋಯಿತು.

ಲೆಕ್ಕ ಹಾಕಿದರೆ

20 ಗೋಲಿನಿಂದ 40ಕ್ಕೆ. ಪಂದ್ಯಗಳು ಎರಡು ಜಾಸ್ತಿ ಇದ್ದವು, ಹಾಗಾಗಿ ಸರಾಸರಿ ನೋಡೋಣ: 0.91ರಿಂದ 1.67ಕ್ಕೆ. ಹತ್ತನೇ ಸ್ಥಾನದಿಂದ ಮೂರಕ್ಕೆ, ಅಲ್ಲಿಂದ ಫೈನಲ್‌ಗೆ. ಇದನ್ನು ಸಣ್ಣದು ಅನ್ನುವವರು ಆ 2023-24 ನೋಡಿಲ್ಲ. ಆದರೆ ಇದು ಈ ಕ್ಲಬ್ಬಿನ ಅತ್ಯುತ್ತಮ ಅಟ್ಯಾಕ್ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2017-18ರಲ್ಲಿ ಆಲ್ಬರ್ಟ್ ರೋಕಾ ತಂಡ 18 ಲೀಗ್ ಪಂದ್ಯದಲ್ಲಿ 35 ಹೊಡೆದಿತ್ತು, ಪಂದ್ಯಕ್ಕೆ 1.94. ಪ್ಲೇಆಫ್ ಸೇರಿ ಮಿಕು 15, ಚೆಟ್ರಿ 14, ಪಕ್ಕದಲ್ಲಿ ಉದಾಂತ ಸಿಂಗ್ ಓಟ. ಆ ತಂಡ ಮುನ್ನಡೆ ಸಿಕ್ಕಿದ ಮೇಲೆ ಇನ್ನೂ ಅಪಾಯಕಾರಿ ಆಗುತ್ತಿತ್ತು, ಯಾಕೆಂದರೆ ಎದುರಾಳಿ ಮೇಲೆ ಬಂದಷ್ಟೂ ಉದಾಂತಗೆ ಓಡುವುದಕ್ಕೆ ಜಾಗ.

ಹಾಗಾಗಿ ನನ್ನ ತೀರ್ಪು: ಗೋಲು ಡಬಲ್ ಆದದ್ದರಲ್ಲಿ ದೊಡ್ಡ ಪಾಲು ಆಟಗಾರರ ಆಯ್ಕೆಯದ್ದು, ಚೆಟ್ರಿಯನ್ನು ಬಳಸಿದ ರೀತಿ ಪೂರ್ತಿ ಕೋಚ್‌ದು, ಮುನ್ನಡೆ ಉಳಿಸಿಕೊಳ್ಳಲಾಗದ ರೋಗವೂ ಪೂರ್ತಿ ಕೋಚ್‌ದು. ಆಗಸ್ಟ್‌ನಲ್ಲಿ ಕಂಡ ತಪ್ಪು ಏಪ್ರಿಲ್‌ನಲ್ಲೂ ಇದ್ದರೆ ಅದಕ್ಕೆ ಬೇರೆ ಯಾರನ್ನು ಕೇಳುವುದು?

ಎರಡನೇ ಪೂರ್ತಿ ಸೀಸನ್‌ನಲ್ಲಿ ಇದನ್ನು ಸರಿ ಮಾಡುತ್ತಿದ್ದರೋ ಏನೋ, ನೋಡುವ ಅವಕಾಶ ಬರಲಿಲ್ಲ. 2025-26 ಶುರುವಾಗುವ ಮೊದಲೇ ಜರಗೋಜಾ ಹೊರಟರು, ಲೀಗ್ ನಡೆಯುತ್ತೋ ಇಲ್ಲವೋ ಅನ್ನುವ ಗೊಂದಲದಲ್ಲಿ ಕ್ಲಬ್ ಆಗಸ್ಟ್‌ನಲ್ಲಿ ಆಟಗಾರರ ಸಂಬಳವನ್ನೇ ತಡೆಹಿಡಿಯಿತು, ತಂಡ ರೆನೆಡಿ ಸಿಂಗ್ ಕೈಗೆ ಬಂತು. 2025ರ ನವೆಂಬರ್‌ನಲ್ಲಿ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬಿಟ್ಟು ಭಾರತೀಯರಾದ ಸುದ್ದಿ ಬಂತು. ಅಂದರೆ ವಿದೇಶಿ ಆಟಗಾರರ ಲೆಕ್ಕದಲ್ಲಿ ಒಂದು ಜಾಗ ಖಾಲಿ ಆಯ್ತು. ಅದಕ್ಕೆ ಚೆಂಡು ಕಾಲಲ್ಲಿ ಹಿಡಿದು ನಿಲ್ಲಿಸುವ ಒಬ್ಬ ಸ್ಟ್ರೈಕರ್ ತರಲಿ ಅಂತ ನನ್ನ ಓಟು.